ಎಚ್‌ಟಿಎಂಎಲ್ ಸೈಟನ್ನು ವರ್ಡ್‌ಪ್ರೆಸ್ ಥೀಮ್ ಮಾಡುವಾಗ: ಸಿಎಸ್‌ಎಸ್ ಬರುತ್ತಿಲ್ಲ, ಎಲ್ಲ ಪುಟವೂ ಒಂದೇ, ಫಾರ್ಮ್ ಒತ್ತಿದರೆ 404

ಮಳೆಬಿಲ್ಲು:

ಐದು ಪುಟಗಳ ಸ್ಟ್ಯಾಟಿಕ್ ಸೈಟೊಂದನ್ನು ವರ್ಡ್‌ಪ್ರೆಸ್ ಥೀಮ್ ಮಾಡಬೇಕಿದೆ. ಮುಖಪುಟ, ಅಬೌಟ್, ಸರ್ವಿಸಸ್, ಪ್ರಾಜೆಕ್ಟ್ಸ್, ಕಾಂಟ್ಯಾಕ್ಟ್, ಇಷ್ಟೇ. ಬೂಟ್‌ಸ್ಟ್ರ್ಯಾಪ್ 5ರಲ್ಲಿ ಕಟ್ಟಿದ್ದು. ಮುಖಪುಟದಲ್ಲಿ ಒಂದು ಜೆಕ್ವೆರಿ ಸ್ಲೈಡರ್, ಪ್ರಾಜೆಕ್ಟ್ಸ್‌ನಲ್ಲಿ 18 ಕಾರ್ಡ್, ಕಾಂಟ್ಯಾಕ್ಟ್‌ನಲ್ಲಿ ಹೆಸರು, ಇಮೇಲ್, ಸಂದೇಶದ ಫಾರ್ಮ್. ವಿನ್ಯಾಸ ಈಗಿದ್ದಂತೆಯೇ ಉಳಿಯಬೇಕು. ಸೈಟ್ ನೋಡಿಕೊಳ್ಳುವವರಿಗೆ ಕೋಡ್ ಬರುವುದಿಲ್ಲ, ಹಾಗಾಗಿ ಬರಹ, ಚಿತ್ರ, ಹೊಸ ಪ್ರಾಜೆಕ್ಟ್ ಎಲ್ಲವನ್ನೂ ಅವರು ಅಡ್ಮಿನ್‌ನಿಂದಲೇ ಹಾಕುವಂತಿರಬೇಕು.

ಇಲ್ಲಿಯವರೆಗೆ ಆಗಿರುವುದು: ಥೀಮ್ಸ್ ಫೋಲ್ಡರ್‌ನೊಳಗೆ ಹೊಸ ಫೋಲ್ಡರ್, ಸ್ಟೈಲ್.ಸಿಎಸ್‌ಎಸ್‌ನ ತಲೆಯಲ್ಲಿ ಥೀಮ್ ಹೆಸರಿನ ಕಾಮೆಂಟ್, ಇಂಡೆಕ್ಸ್.ಎಚ್‌ಟಿಎಂಎಲ್ ಹೋಗಿ ಇಂಡೆಕ್ಸ್.ಪಿಎಚ್‌ಪಿ. ಥೀಮ್ ಆಕ್ಟಿವೇಟ್ ಆಗಿದೆ. ತೊಂದರೆಗಳು:

– ಸಿಎಸ್‌ಎಸ್, ಚಿತ್ರ ಯಾವುದೂ ಲೋಡ್ ಆಗಲಿಲ್ಲ. ಪಾತ್‌ಗಳಿಗೆ ಪೂರ್ತಿ ಯುಆರ್‌ಎಲ್ ಕೊಟ್ಟ ಮೇಲೆ ಬಂದವು. ಹೀಗೇ ಬಿಡಬಹುದೇ?
– ಅಡ್ಮಿನ್‌ನಲ್ಲಿ ಅಬೌಟ್, ಸರ್ವಿಸಸ್ ಎಂದು ಪೇಜ್ ಮಾಡಿದ್ದರೂ ಯಾವುದನ್ನು ತೆರೆದರೂ ಮುಖಪುಟವೇ ಕಾಣುತ್ತದೆ.
– ಡಬ್ಲ್ಯೂಪಿ_ಹೆಡ್ ಹಾಕಿದ ಮೇಲೆ, ಲಾಗಿನ್ ಆಗಿರುವಾಗ ಮಾತ್ರ, ಪುಟದ ನೆತ್ತಿಯಲ್ಲಿ ಒಂದು ಖಾಲಿ ಪಟ್ಟಿ.
– ಹಳೆಯ ಜೆಕ್ವೆರಿ ಟ್ಯಾಗ್ ತೆಗೆದು ವರ್ಡ್‌ಪ್ರೆಸ್‌ನದ್ದನ್ನೇ ಎನ್‌ಕ್ಯೂ ಮಾಡಿದ್ದೇನೆ (ಲೋಡ್ ಆಗಬೇಕಾದ ಫೈಲ್‌ಗಳ ಸಾಲಿಗೆ ಸೇರಿಸಿದ್ದೇನೆ). ಸ್ಲೈಡರ್ ನಿಂತಿದೆ. ಡಾಲರ್ ಚಿಹ್ನೆ ಫಂಕ್ಷನ್ ಅಲ್ಲ ಎಂದು ಕನ್ಸೋಲ್‌ನಲ್ಲಿ ಎರರ್.
– ಫಾರ್ಮ್ ಸಬ್ಮಿಟ್ ಮಾಡಿದರೆ 404. ಅದೇ ಪುಟವನ್ನು ಸುಮ್ಮನೆ ತೆರೆದರೆ ಸರಿಯಾಗಿ ಬರುತ್ತದೆ. ಫಾರ್ಮ್‌ನ ಆಕ್ಷನ್‌ನಲ್ಲಿರುವುದು ಅದೇ ಪುಟದ ವಿಳಾಸ.

ಜೊತೆಗೆ, ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕು, ಯಾವುದನ್ನು ಫೈಲ್‌ನಲ್ಲಿಟ್ಟು ಯಾವುದನ್ನು ಅಡ್ಮಿನ್‌ಗೆ ಬಿಡಬೇಕು ಎಂಬುದೂ ಸ್ಪಷ್ಟವಿಲ್ಲ. ಈಗ ಬ್ಲಾಕ್ ಥೀಮ್‌ಗಳ (ಪುಟದ ಎಲ್ಲ ಭಾಗಗಳನ್ನೂ ಅಡ್ಮಿನ್‌ನ ಎಡಿಟರ್‌ನಲ್ಲೇ ಜೋಡಿಸುವ ಬಗೆ) ಕಾಲ, ಹಳೆಯ ಮಾದರಿಯಲ್ಲಿ ಮಾಡುವುದೇ ತಪ್ಪೇ?

—

ಅರ್ಧವಿರಾಮ:

ಫೈಲ್ ಕತ್ತರಿಸುವುದು ಎರಡನೆಯ ಕೆಲಸ. ಮೊದಲು ಐದೂ ಪುಟಗಳನ್ನು ಮುಂದಿಟ್ಟುಕೊಂಡು ಒಂದೊಂದು ಭಾಗಕ್ಕೂ ಒಂದೇ ಪ್ರಶ್ನೆ ಕೇಳಿ: ಇದನ್ನು ನಾಳೆ ಯಾರು ಬದಲಿಸುತ್ತಾರೆ? ಎಲ್ಲ ಪುಟದಲ್ಲೂ ಒಂದೇ ಇದ್ದರೆ ಅದು ಹೆಡರ್ ಅಥವಾ ಫೂಟರ್. ಒಂದೇ ಅಚ್ಚಿನ ತುಣುಕು ಮತ್ತೆ ಮತ್ತೆ ಬಂದರೆ (ನಿಮ್ಮ 18 ಕಾರ್ಡ್) ಅದು ಪೋಸ್ಟ್ ಟೈಪ್, ಅಂದರೆ ಅಡ್ಮಿನ್‌ನಲ್ಲಿ ತನ್ನದೇ ಪಟ್ಟಿಯಿರುವ ಒಂದು ಬಗೆಯ ಬರಹ. ಒಂದೇ ಪುಟದಲ್ಲಿದ್ದು ಆಗಾಗ ಬದಲಾಗುವ ಬರಹ ಪೇಜ್‌ನ ಕಂಟೆಂಟ್. ಯಾರೂ ಎಂದೂ ಮುಟ್ಟದ ಅಲಂಕಾರದ ಎಚ್‌ಟಿಎಂಎಲ್ ಟೆಂಪ್ಲೇಟ್‌ನಲ್ಲೇ ಇರಲಿ. ಎಲ್ಲವನ್ನೂ ಎಡಿಟ್ ಮಾಡುವಂತೆ ಮಾಡಲು ಹೊರಟರೆ ನಲವತ್ತು ಫೀಲ್ಡ್‌ಗಳ ಅಡ್ಮಿನ್ ಸಿದ್ಧವಾಗುತ್ತದೆ, ಅದನ್ನು ತುಂಬಲು ಯಾರೂ ಬರುವುದಿಲ್ಲ.

ಎಲ್ಲಿ ಕತ್ತರಿಸಬೇಕು ಎಂಬುದನ್ನು ಕಣ್ಣಳತೆಯಲ್ಲಿ ನಿರ್ಧರಿಸಬೇಡಿ. ಅಬೌಟ್ ಮತ್ತು ಸರ್ವಿಸಸ್ ಫೈಲ್‌ಗಳನ್ನು ಎಡಿಟರ್‌ನ ಡಿಫ್‌ನಲ್ಲಿ (ಎರಡು ಫೈಲ್‌ಗಳ ವ್ಯತ್ಯಾಸ ತೋರಿಸುವ ಸೌಲಭ್ಯ) ಅಕ್ಕಪಕ್ಕ ಇಡಿ. ಮೇಲಿನಿಂದ ಎಲ್ಲಿಯವರೆಗೆ ಎರಡೂ ಒಂದೇ ಇವೆಯೋ ಅಷ್ಟು ಹೆಡರ್.ಪಿಎಚ್‌ಪಿ, ಕೆಳಗಿನಿಂದ ಎಲ್ಲಿಯವರೆಗೆ ಒಂದೇ ಇವೆಯೋ ಅಷ್ಟು ಫೂಟರ್.ಪಿಎಚ್‌ಪಿ. ನಡುವೆ ಸಿಗುವ ವ್ಯತ್ಯಾಸ ಸಾಮಾನ್ಯವಾಗಿ ಮೂರೇ: ಟೈಟಲ್ ಟ್ಯಾಗ್, ಬಾಡಿಯ ಕ್ಲಾಸ್, ಮೆನುವಿನ ಆಕ್ಟಿವ್ ಕ್ಲಾಸ್. ಮೂರಕ್ಕೂ ವರ್ಡ್‌ಪ್ರೆಸ್‌ನಲ್ಲಿ ಉತ್ತರವಿದೆ. ಹೆಡರ್‌ನಲ್ಲಿ ತೆರೆದ ಹೊದಿಕೆ ಡಿವ್ ಫೂಟರ್‌ನಲ್ಲಿ ಮುಚ್ಚುತ್ತದೆ ಎಂಬುದನ್ನು ಎರಡೂ ಕಡೆ ಕಾಮೆಂಟ್ ಹಾಕಿ ಗುರುತು ಮಾಡಿಡಿ. ಮುಖಪುಟಕ್ಕೆ ಮಾತ್ರ ಆ ಡಿವ್ ಇಲ್ಲದಿದ್ದರೆ ಡಿವ್ ಅನ್ನು ಹೆಡರ್‌ಗೆ ಹಾಕದೆ ಆಯಾ ಟೆಂಪ್ಲೇಟ್‌ಗೇ ಬಿಡಿ.

ಹೆಡರ್.ಪಿಎಚ್‌ಪಿಯಲ್ಲಿ ಮಾಡಬೇಕಾದ್ದು: ಎಚ್‌ಟಿಎಂಎಲ್ ಟ್ಯಾಗ್‌ನೊಳಗೆ ಲ್ಯಾಂಗ್ವೇಜ್_ಆಟ್ರಿಬ್ಯೂಟ್ಸ್. ಟೈಟಲ್ ಟ್ಯಾಗ್ ಕಿತ್ತುಹಾಕಿ, ಫಂಕ್ಷನ್ಸ್.ಪಿಎಚ್‌ಪಿಯಲ್ಲಿ ಆಫ್ಟರ್_ಸೆಟಪ್_ಥೀಮ್ ಹುಕ್‌ನ (ವರ್ಡ್‌ಪ್ರೆಸ್ ತನ್ನ ಕೆಲಸದ ನಡುವೆ ನಮ್ಮ ಕೋಡ್ ಸೇರಿಸಲು ಬಿಡುವ ಜಾಗ) ಮೇಲೆ ಟೈಟಲ್-ಟ್ಯಾಗ್ ಸಪೋರ್ಟ್ ಸೇರಿಸಿ (4.1ನೇ ಆವೃತ್ತಿಯಿಂದ ಇದೆ). ಟ್ಯಾಗನ್ನೂ ಬಿಟ್ಟು ಸಪೋರ್ಟನ್ನೂ ಕೊಟ್ಟರೆ ಎರಡು ಟೈಟಲ್ ಬರುತ್ತವೆ. ಹೆಡ್ ಮುಚ್ಚುವ ಟ್ಯಾಗ್‌ಗೆ ಸರಿಯಾಗಿ ಮುಂಚೆ ಡಬ್ಲ್ಯೂಪಿ_ಹೆಡ್, ಬಾಡಿ ಟ್ಯಾಗ್‌ನೊಳಗೆ ಬಾಡಿ_ಕ್ಲಾಸ್, ಬಾಡಿ ತೆರೆದ ತಕ್ಷಣ ಡಬ್ಲ್ಯೂಪಿ_ಬಾಡಿ_ಓಪನ್. ಫೂಟರ್‌ನಲ್ಲಿ ಬಾಡಿ ಮುಚ್ಚುವ ಮುಂಚೆ ಡಬ್ಲ್ಯೂಪಿ_ಫೂಟರ್.

ನಿಮ್ಮ ಖಾಲಿ ಪಟ್ಟಿಯ ಗುಟ್ಟು ಇಲ್ಲೇ ಇದೆ. ಲಾಗಿನ್ ಆದವರಿಗೆ ಅಡ್ಮಿನ್ ಬಾರ್‌ಗೆ ಜಾಗ ಬಿಡಲು ವರ್ಡ್‌ಪ್ರೆಸ್ ಹೆಡ್‌ನಲ್ಲಿ 32 ಪಿಕ್ಸೆಲ್ ಮಾರ್ಜಿನ್ ಬರೆಯುತ್ತದೆ. ಬಾರ್ ಮಾತ್ರ ಬಾಡಿ_ಓಪನ್ ಅಥವಾ ಫೂಟರ್ ಹುಕ್‌ನಿಂದ ಮುದ್ರಣವಾಗಬೇಕು. ನಿಮ್ಮಲ್ಲಿ ಎರಡೂ ಇಲ್ಲ, ಹಾಗಾಗಿ ಜಾಗ ಉಂಟು, ಬಾರ್ ಇಲ್ಲ. ಹುಕ್ ಹಾಕಿದ ಮೇಲೆ ಇನ್ನೊಂದು ಸಮಸ್ಯೆ ಎದುರಾಗಬಹುದು: ನಿಮ್ಮ ಹೆಡರ್ ಮೇಲಕ್ಕೆ ಅಂಟಿಕೊಂಡಿರುವ ಫಿಕ್ಸೆಡ್ ಹೆಡರ್ ಆಗಿದ್ದರೆ ಬಾರ್‌ನ ಅಡಿಗೆ ಸೇರಿಕೊಳ್ಳುತ್ತದೆ. ಬಾಡಿಗೆ ಅಡ್ಮಿನ್-ಬಾರ್ ಎಂಬ ಕ್ಲಾಸ್ ಬಂದಿರುತ್ತದೆ, ಅದರಡಿಯಲ್ಲಿ ಹೆಡರ್‌ಗೆ ಟಾಪ್ 32 ಪಿಕ್ಸೆಲ್ ಕೊಡಿ. ಪರದೆಯ ಅಗಲ 782 ಅಥವಾ ಅದಕ್ಕಿಂತ ಕಡಿಮೆ ಇದ್ದಾಗ 46.

ಪಾತ್ ವಿಷಯ. ಇಮೇಜಸ್ ಫೋಲ್ಡರ್‌ನ ಲೋಗೋ ಎಂದು ಎಚ್‌ಟಿಎಂಎಲ್‌ನಲ್ಲಿ ಬರೆದರೆ ಬ್ರೌಸರ್ ಅದನ್ನು ತಾನಿರುವ ಪುಟದ ವಿಳಾಸಕ್ಕೆ ಜೋಡಿಸಿ ಹುಡುಕುತ್ತದೆ. ಮುಖಪುಟದಲ್ಲಿದ್ದರೆ ಸೈಟ್‌ನ ಬೇರಿನಲ್ಲಿ, ಅಬೌಟ್ ಪುಟದಲ್ಲಿದ್ದರೆ ಅಬೌಟ್‌ನ ಕೆಳಗೆ. ಥೀಮ್ ಫೋಲ್ಡರ್ ಎಂಬುದೊಂದಿದೆ ಎಂದು ಬ್ರೌಸರ್‌ಗೆ ಗೊತ್ತೇ ಇಲ್ಲ. ಪೂರ್ತಿ ಯುಆರ್‌ಎಲ್ ಬರೆದರೆ ಇವತ್ತು ನಡೆಯುತ್ತದೆ, ಡೊಮೇನ್ ಬದಲಾದ ದಿನ ಎಲ್ಲವೂ ಒಟ್ಟಿಗೆ ಹೋಗುತ್ತದೆ. ಅದರ ಜಾಗದಲ್ಲಿ ಗೆಟ್_ಥೀಮ್_ಫೈಲ್_ಯುಆರ್‌ಐ ಬಳಸಿ, ಎಕೋ ಮಾಡುವಾಗ ಎಸ್ಕೇಪ್_ಯುಆರ್‌ಎಲ್‌ನೊಳಗೆ ಹಾಕಿ (ಕೋಡ್‌ನಲ್ಲಿ ಅದರ ಮೊದಲ ಭಾಗ ಇಎಸ್‌ಸಿ ಎಂಬ ಮೂರೇ ಅಕ್ಷರ). ಸಿಎಸ್‌ಎಸ್ ಫೈಲ್‌ನೊಳಗಿನ ಚಿತ್ರಗಳ ಪಾತ್ ಮುಟ್ಟಬೇಡಿ. ಅವು ಸಿಎಸ್‌ಎಸ್ ಫೈಲ್ ಇರುವ ಜಾಗದಿಂದ ಲೆಕ್ಕವಾಗುತ್ತವೆ. ಆದ್ದರಿಂದ ಸಿಎಸ್‌ಎಸ್, ಜೆಎಸ್, ಇಮೇಜಸ್, ಫಾಂಟ್ಸ್ ನಾಲ್ಕೂ ಫೋಲ್ಡರ್‌ಗಳನ್ನು ಇದ್ದ ಹಾಗೆಯೇ ಎತ್ತಿ ಆಸೆಟ್ಸ್ ಎಂಬ ಒಂದೇ ಫೋಲ್ಡರ್‌ನೊಳಗೆ ಇಟ್ಟರೆ ಸಿಎಸ್‌ಎಸ್‌ನಲ್ಲಿ ಒಂದಕ್ಷರವೂ ಬದಲಾಗಬೇಕಿಲ್ಲ.

ಲಿಂಕ್ ಮತ್ತು ಸ್ಕ್ರಿಪ್ಟ್ ಟ್ಯಾಗ್‌ಗಳನ್ನು ಹೆಡರ್‌ನಿಂದ ತೆಗೆದು ಡಬ್ಲ್ಯೂಪಿ_ಎನ್‌ಕ್ಯೂ_ಸ್ಕ್ರಿಪ್ಟ್ಸ್ ಹುಕ್‌ಗೆ ಒಯ್ಯಿರಿ. ಹಳೆಯ ಪುಟದಲ್ಲಿ ಟ್ಯಾಗ್‌ಗಳ ಕ್ರಮ ಹೇಗಿತ್ತೋ ಅದನ್ನೇ ಡಿಪೆಂಡೆನ್ಸಿಯಾಗಿ ಹೇಳಿ: ನಿಮ್ಮ ಮುಖ್ಯ ಸಿಎಸ್‌ಎಸ್ ಬೂಟ್‌ಸ್ಟ್ರ್ಯಾಪನ್ನು ಅವಲಂಬಿಸಿದೆ, ಮೇನ್.ಜೆಎಸ್ ಸ್ಲೈಡರನ್ನು, ಸ್ಲೈಡರ್ ಜೆಕ್ವೆರಿಯನ್ನು. ಥೀಮ್‌ನ ಬೇರಿನಲ್ಲಿರುವ ಸ್ಟೈಲ್.ಸಿಎಸ್‌ಎಸ್ ತಾನಾಗಿ ಲೋಡ್ ಆಗುತ್ತದೆ ಎಂಬ ನಂಬಿಕೆ ತುಂಬ ಜನರಿಗಿದೆ. ಆಗುವುದಿಲ್ಲ. ಅದರಲ್ಲಿ ಥೀಮ್ ಹೆಸರಿನ ಕಾಮೆಂಟ್ ಮಾತ್ರ ಇಟ್ಟು ನಿಜವಾದ ಸಿಎಸ್‌ಎಸ್ ಅನ್ನು ಆಸೆಟ್ಸ್‌ನಲ್ಲೇ ಬಿಡಬಹುದು. ಆವೃತ್ತಿಯ ಜಾಗದಲ್ಲಿ 1.0 ಎಂದು ಬರೆಯುವ ಬದಲು ಫೈಲ್‌ಎಮ್‌ಟೈಮ್ ಕೊಡಿ. ಫೈಲ್ ಸೇವ್ ಆದಾಗಲೆಲ್ಲ ಅಂಕಿ ಬದಲಾಗುತ್ತದೆ, ಹಳೆಯ ಸಿಎಸ್‌ಎಸ್ ಕ್ಯಾಶ್‌ನಲ್ಲಿ ಕೂತು ಸತಾಯಿಸುವುದಿಲ್ಲ. ನೆನಪಿಡಿ, ಫೈಲ್‌ಎಮ್‌ಟೈಮ್‌ಗೆ ಕೊಡಬೇಕಾದ್ದು ಯುಆರ್‌ಐ ಅಲ್ಲ, ಗೆಟ್_ಥೀಮ್_ಫೈಲ್_ಪಾತ್.

ಇನ್ನು ಎಲ್ಲ ಪುಟವೂ ಒಂದೇ ಕಾಣುವುದು. ಯಾವ ವಿಳಾಸಕ್ಕೆ ಯಾವ ಫೈಲ್ ಎಂದು ವರ್ಡ್‌ಪ್ರೆಸ್ ಒಂದು ಸಾಲಿನಲ್ಲಿ ಹುಡುಕುತ್ತ ಹೋಗುತ್ತದೆ, ಏನೂ ಸಿಗದಿದ್ದರೆ ಇಂಡೆಕ್ಸ್.ಪಿಎಚ್‌ಪಿಗೆ ಬರುತ್ತದೆ. ನಿಮ್ಮಲ್ಲಿ ಇರುವುದು ಅದೊಂದೇ, ಅದರೊಳಗೆ ಮುಖಪುಟದ ಎಚ್‌ಟಿಎಂಎಲ್. ನಿಮಗೆ ಬೇಕಾದ ಫೈಲ್‌ಗಳು ಇವು: ಮುಖಪುಟಕ್ಕೆ ಫ್ರಂಟ್-ಪೇಜ್.ಪಿಎಚ್‌ಪಿ, ಅಬೌಟ್, ಸರ್ವಿಸಸ್‌ಗೆ ಪೇಜ್.ಪಿಎಚ್‌ಪಿ, ಫಾರ್ಮ್‌ಗೆ ಪೇಜ್-ಕಾಂಟ್ಯಾಕ್ಟ್.ಪಿಎಚ್‌ಪಿ (ಹೈಫನ್ ನಂತರದ್ದು ಪೇಜ್‌ನ ಸ್ಲಗ್, ಅಂದರೆ ವಿಳಾಸದಲ್ಲಿ ಕಾಣುವ ಹೆಸರು, ಶೀರ್ಷಿಕೆಯಲ್ಲ), ಕಾರ್ಡ್‌ಗಳಿಗೆ ಆರ್ಕೈವ್-ಪ್ರಾಜೆಕ್ಟ್.ಪಿಎಚ್‌ಪಿ, ಒಂದೊಂದು ಪ್ರಾಜೆಕ್ಟ್‌ಗೆ ಸಿಂಗಲ್-ಪ್ರಾಜೆಕ್ಟ್.ಪಿಎಚ್‌ಪಿ, ಒಂದು 404.ಪಿಎಚ್‌ಪಿ, ಕೊನೆಯ ಆಸರೆಯಾಗಿ ಸರಳ ಲೂಪ್ (ಸಿಕ್ಕ ಬರಹಗಳನ್ನು ಒಂದೊಂದಾಗಿ ಮುದ್ರಿಸುವ ಕೋಡ್) ಇರುವ ಇಂಡೆಕ್ಸ್.ಪಿಎಚ್‌ಪಿ. ಹೋಮ್.ಪಿಎಚ್‌ಪಿ ಎಂಬ ಹೆಸರು ನೋಡಿ ಮೋಸ ಹೋಗಬೇಡಿ, ಅದು ಬ್ಲಾಗ್ ಪೋಸ್ಟ್‌ಗಳ ಪಟ್ಟಿಗೆ. ಸೆಟ್ಟಿಂಗ್ಸ್‌ನ ರೀಡಿಂಗ್‌ನಲ್ಲಿ ಮುಖಪುಟಕ್ಕೆ ಒಂದು ಸ್ಥಿರ ಪೇಜ್ ಆರಿಸಿರಬೇಕು.

ಮುಖಪುಟದ ಮೇಲಿನ ದೊಡ್ಡ ಶೀರ್ಷಿಕೆ, ಅದರ ಕೆಳಗಿನ ಎರಡು ಸಾಲು, ಹಿನ್ನೆಲೆ ಚಿತ್ರ ಇವಕ್ಕಾಗಿ ಫೀಲ್ಡ್ ಪ್ಲಗಿನ್ ಬೇಕಾಗಿಲ್ಲ. ಆ ಪೇಜ್‌ನ ಟೈಟಲ್, ಎಕ್ಸರ್ಪ್ಟ್, ಫೀಚರ್ಡ್ ಇಮೇಜ್ ಮೂರನ್ನೇ ಅಲ್ಲಿ ಮುದ್ರಿಸಿ. ಪೇಜ್‌ಗಳಿಗೆ ಎಕ್ಸರ್ಪ್ಟ್ ಮೂಲದಲ್ಲಿ ಇರುವುದಿಲ್ಲ, ಆಡ್_ಪೋಸ್ಟ್_ಟೈಪ್_ಸಪೋರ್ಟ್‌ನಿಂದ ಕೊಡಬೇಕು. ಫೀಚರ್ಡ್ ಇಮೇಜ್‌ಗೂ ಪೋಸ್ಟ್-ಥಂಬ್‌ನೇಲ್ಸ್ ಸಪೋರ್ಟ್ ಬೇಕು.

—

ನೀಲಿಪರದೆ:

ಮೇಲಿನದ್ದಕ್ಕೆ ಸೇರಿಸುವುದು ಸ್ಲೈಡರ್ ಮತ್ತು ಫಾರ್ಮ್ ಬಗ್ಗೆ ಮಾತ್ರ.

ವರ್ಡ್‌ಪ್ರೆಸ್ ಜೊತೆಗೆ ಬರುವ ಜೆಕ್ವೆರಿ ನೋ-ಕಾನ್ಫ್ಲಿಕ್ಟ್ ಸ್ಥಿತಿಯಲ್ಲಿರುತ್ತದೆ, ಅಂದರೆ ಡಾಲರ್ ಚಿಹ್ನೆಯನ್ನು ಅದು ಬಿಟ್ಟುಕೊಟ್ಟಿರುತ್ತದೆ. ನಿಮ್ಮ ಮೇನ್.ಜೆಎಸ್‌ನ ಮೊದಲ ಸಾಲು ಡಾಲರ್, ಡಾಕ್ಯುಮೆಂಟ್, ರೆಡಿ ಎಂದಿದ್ದರೆ ಅದನ್ನು ತೆಗೆದು ಜೆಕ್ವೆರಿ ಎಂದು ಪೂರ್ತಿ ಹೆಸರಿನಿಂದ ಕರೆದು, ಅದಕ್ಕೆ ಕೊಡುವ ಫಂಕ್ಷನ್‌ನ ಆರ್ಗ್ಯುಮೆಂಟ್ ಆಗಿ ಡಾಲರ್ ಬರೆಯಿರಿ. ಒಳಗಿನ ಕೋಡ್ ಪೂರ್ತಿ ಹಾಗೆಯೇ ಉಳಿಯಬಹುದು. ಅಷ್ಟಾದರೂ ಓಡದಿದ್ದರೆ ಸ್ಲೈಡರ್ ಹಳೆಯದಿರಬೇಕು. 2020ರ ಡಿಸೆಂಬರ್‌ನ 5.6ನೇ ಆವೃತ್ತಿಯಿಂದ ವರ್ಡ್‌ಪ್ರೆಸ್‌ನಲ್ಲಿರುವುದು ಜೆಕ್ವೆರಿ 3ರ ಸಾಲಿನದ್ದು. ಲೈವ್ ಎಂಬ ಮೆಥಡ್ 1.9ರಲ್ಲೇ ಹೋಯಿತು, ಸೈಜ್ ಮತ್ತು ಇವೆಂಟ್‌ಗಾಗಿ ಬಳಸುತ್ತಿದ್ದ ಲೋಡ್ 3.0ರಲ್ಲಿ ಹೋದವು. ಸ್ಲೈಡರ್‌ನ ಫೈಲ್‌ನಲ್ಲೂ ಮೇನ್.ಜೆಎಸ್‌ನಲ್ಲೂ ಈ ಮೂರನ್ನು ಹುಡುಕಿ: ಲೈವ್ ಇದ್ದಲ್ಲಿ ಆನ್, ಸೈಜ್ ಇದ್ದಲ್ಲಿ ಲೆಂಗ್ತ್, ವಿಂಡೋದ ಲೋಡ್ ಇದ್ದಲ್ಲಿ ಆನ್‌ನೊಳಗೆ ಲೋಡ್. ಹೊರಗಿನ ಹಳೆಯ ಜೆಕ್ವೆರಿ ತಂದು ವರ್ಡ್‌ಪ್ರೆಸ್‌ನದ್ದನ್ನು ಡಿರಿಜಿಸ್ಟರ್ ಮಾಡುವ ಸಲಹೆ ಅಲ್ಲಲ್ಲಿ ಸಿಗುತ್ತದೆ. ಬೇಡ. ಸ್ಲೈಡರ್ ಓಡುತ್ತದೆ, ಬೇರೆ ಯಾವುದೋ ಪ್ಲಗಿನ್ ನಿಲ್ಲುತ್ತದೆ.

ಇನ್ನೊಂದು: ಸ್ಕ್ರಿಪ್ಟನ್ನು ಫೂಟರ್‌ನಲ್ಲಿ ಲೋಡ್ ಮಾಡು ಎಂದು ಹೇಳಿ ಡಬ್ಲ್ಯೂಪಿ_ಫೂಟರ್ ಹಾಕದಿದ್ದರೆ ಅದು ಪುಟಕ್ಕೆ ಬರುವುದೇ ಇಲ್ಲ. ಎರರ್ ಕೂಡ ಇರುವುದಿಲ್ಲ.

ಫಾರ್ಮ್‌ನ 404 ನೋಡಿದವರೆಲ್ಲ ಪರ್ಮಾಲಿಂಕ್ (ಪುಟಗಳ ವಿಳಾಸದ ರೂಪ) ಸೆಟ್ಟಿಂಗ್ ಕಡೆ ಓಡುತ್ತಾರೆ. ಕಾರಣ ಬೇರೆ: ನಿಮ್ಮ ಇನ್‌ಪುಟ್ ಒಂದರ ನೇಮ್ ಆಟ್ರಿಬ್ಯೂಟ್‌ನ ಬೆಲೆಯೂ "ನೇಮ್" ಎಂದೇ ಇರಬೇಕು, ನೋಡಿ. ವರ್ಡ್‌ಪ್ರೆಸ್ ತನಗೆ ಗೊತ್ತಿರುವ ಕ್ವೆರಿ ವೇರಿಯಬಲ್‌ಗಳನ್ನು (ಯಾವ ಬರಹ ಬೇಕು ಎಂದು ಹೇಳುವ ಹೆಸರುಗಳು) ವಿಳಾಸದಲ್ಲಿ ಮಾತ್ರವಲ್ಲ, ಫಾರ್ಮ್‌ನಿಂದ ಪೋಸ್ಟ್ ಆಗಿ ಬಂದ ಡೇಟಾದಲ್ಲೂ ಹುಡುಕುತ್ತದೆ. ನೇಮ್ ಎಂಬುದು ಅದರ ಲೆಕ್ಕದಲ್ಲಿ ಪೋಸ್ಟ್‌ನ ಸ್ಲಗ್. ಫಾರ್ಮ್ ತುಂಬಿದವರು ತಮ್ಮ ಹೆಸರು ಬರೆದರೆ ಆ ಹೆಸರಿನ ಪೋಸ್ಟ್ ಹುಡುಕಿ, ಸಿಗದೆ, 404 ಕೊಡುತ್ತದೆ. ಇಯರ್, ಡೇ, ಪೇಜ್, ಬರಿಯ ಪಿ, ಎಂ, ಎಸ್ ಅಕ್ಷರಗಳದ್ದೂ ಇದೇ ಕಥೆ. ಎಲ್ಲ ಫೀಲ್ಡ್‌ಗಳಿಗೂ ನಿಮ್ಮದೇ ಒಂದು ಪೂರ್ವಪದ ಕೊಡಿ, 404 ಅಲ್ಲಿಗೇ ನಿಲ್ಲುತ್ತದೆ.

ಪ್ಲಗಿನ್ ಇಲ್ಲದೆ ಫಾರ್ಮ್ ನಡೆಸುವುದಾದರೆ ಆಕ್ಷನ್ ಅನ್ನು ಅದೇ ಪುಟಕ್ಕೆ ಬಿಡದೆ ಅಡ್ಮಿನ್-ಪೋಸ್ಟ್.ಪಿಎಚ್‌ಪಿಗೆ ಕೊಡಿ (ವಿಳಾಸಕ್ಕೆ ಅಡ್ಮಿನ್_ಯುಆರ್‌ಎಲ್ ಫಂಕ್ಷನ್). ಫಾರ್ಮ್‌ನೊಳಗೆ ಆಕ್ಷನ್ ಹೆಸರಿನ ಒಂದು ಹಿಡನ್ ಇನ್‌ಪುಟ್, ಜೊತೆಗೆ ಡಬ್ಲ್ಯೂಪಿ_ನಾನ್ಸ್_ಫೀಲ್ಡ್ (ನಾನ್ಸ್ ಅಂದರೆ ಫಾರ್ಮ್ ನಿಮ್ಮ ಸೈಟ್‌ನಿಂದಲೇ ಬಂದಿದೆ ಎಂದು ತಿಳಿಸುವ, ಸ್ವಲ್ಪ ಕಾಲ ಮಾತ್ರ ನಡೆಯುವ ಗುರುತು). ಆ ಹಿಡನ್ ಇನ್‌ಪುಟ್‌ನ ಬೆಲೆ ಕಾಂಟ್ಯಾಕ್ಟ್_ಫಾರ್ಮ್ ಆಗಿದ್ದರೆ ಹುಕ್ ಎರಡು: ಅಡ್ಮಿನ್_ಪೋಸ್ಟ್_ಕಾಂಟ್ಯಾಕ್ಟ್_ಫಾರ್ಮ್, ಅಡ್ಮಿನ್_ಪೋಸ್ಟ್_ನೋಪ್ರಿವ್_ಕಾಂಟ್ಯಾಕ್ಟ್_ಫಾರ್ಮ್. ನೋಪ್ರಿವ್ ಇರುವುದು ಲಾಗಿನ್ ಆಗದವರಿಗಾಗಿ. ಅದೊಂದನ್ನು ಮರೆತರೆ ನೀವು ಪರೀಕ್ಷಿಸುವಾಗ ಫಾರ್ಮ್ ಸೊಗಸಾಗಿ ನಡೆಯುತ್ತದೆ, ಬಂದ ಓದುಗರಿಗೆ ಖಾಲಿ ಪುಟ.

ಮೇಲ್ ಕಳಿಸುವಾಗ ಫ್ರಮ್ ಜಾಗದಲ್ಲಿ ಫಾರ್ಮ್ ತುಂಬಿದವರ ಇಮೇಲ್ ಹಾಕಬೇಡಿ, ಸ್ಪ್ಯಾಮ್‌ಗೆ ಹೋಗಲು ಅದಕ್ಕಿಂತ ಹತ್ತಿರದ ದಾರಿಯಿಲ್ಲ. ಫ್ರಮ್ ನಿಮ್ಮ ಡೊಮೇನ್‌ನದ್ದೇ ಇರಲಿ, ಅವರ ವಿಳಾಸ ರಿಪ್ಲೈ-ಟು ಹೆಡರ್‌ಗೆ. ಕೆಲಸ ಮುಗಿದ ಮೇಲೆ ಡಬ್ಲ್ಯೂಪಿ_ಸೇಫ್_ರೀಡೈರೆಕ್ಟ್, ಅದರ ಮುಂದಿನ ಸಾಲಿನಲ್ಲೇ ಎಕ್ಸಿಟ್. ಪೇಜ್ ಕ್ಯಾಶ್ ಪ್ಲಗಿನ್ ಇದ್ದರೆ ಕಾಂಟ್ಯಾಕ್ಟ್ ಪುಟವನ್ನು ಕ್ಯಾಶ್‌ನಿಂದ ಹೊರಗಿಡಿ. ನಾನ್ಸ್‌ನ ಆಯಸ್ಸು ಹೆಚ್ಚೆಂದರೆ 24 ಗಂಟೆ. ಅದಕ್ಕಿಂತ ಹಳೆಯ ಕ್ಯಾಶ್ ಪುಟದಿಂದ ಕಳಿಸಿದ ಫಾರ್ಮ್ ತಿರಸ್ಕೃತವಾಗುತ್ತದೆ.

—

ಮಳೆಬಿಲ್ಲು:

ಇಬ್ಬರಿಗೂ ಧನ್ಯವಾದ. ಇನ್‌ಪುಟ್‌ನ ಹೆಸರು ನಿಜಕ್ಕೂ ನೇಮ್ ಎಂದೇ ಇತ್ತು. ಫಾರ್ಮ್, ಸ್ಲೈಡರ್, ಖಾಲಿ ಪಟ್ಟಿ ಮೂರೂ ಸರಿಯಾದವು. ಈಗ ಉಳಿದಿರುವುದು:

– ಮೆನು ಅಡ್ಮಿನ್‌ನಿಂದ ಬರುತ್ತಿದೆ, ಆದರೆ ಬೂಟ್‌ಸ್ಟ್ರ್ಯಾಪ್‌ನ ನ್ಯಾವ್-ಐಟಂ, ನ್ಯಾವ್-ಲಿಂಕ್ ಕ್ಲಾಸ್‌ಗಳಿಲ್ಲ. ನೋಟ ಕೆಟ್ಟಿದೆ.
– ಬಾಡಿ_ಕ್ಲಾಸ್ ಹಾಕಿದ ಮೇಲೆ ಮುಖಪುಟದ ಅರ್ಧ ಭಾಗ ಗಾಢ ಹಿನ್ನೆಲೆಗೆ ತಿರುಗಿದೆ.
– ಪ್ರಾಜೆಕ್ಟ್ ಪೋಸ್ಟ್ ಟೈಪ್ ಫಂಕ್ಷನ್ಸ್.ಪಿಎಚ್‌ಪಿಯಲ್ಲಿ ರಿಜಿಸ್ಟರ್ ಮಾಡಿದೆ. ಅಡ್ಮಿನ್‌ನಲ್ಲಿ ಕಾಣುತ್ತದೆ, ತೆರೆದರೆ 404.

—

ಬೆಳ್ಳಿಚುಕ್ಕಿ:

ಮೆನು: ಡಬ್ಲ್ಯೂಪಿ_ನ್ಯಾವ್_ಮೆನುಗೆ ಕೊಡುವ ಅರೇಯಲ್ಲಿ ಕಂಟೇನರ್ ಫಾಲ್ಸ್, ಮೆನು_ಕ್ಲಾಸ್‌ನಲ್ಲಿ ನಿಮ್ಮ ಯುಎಲ್‌ನ ಕ್ಲಾಸ್‌ಗಳು. ಎಲ್ಐಗೆ ಕ್ಲಾಸ್ ಸೇರಿಸಲು ನ್ಯಾವ್_ಮೆನು_ಸಿಎಸ್‌ಎಸ್_ಕ್ಲಾಸ್ ಫಿಲ್ಟರ್, ಲಿಂಕ್‌ಗೆ ಸೇರಿಸಲು ನ್ಯಾವ್_ಮೆನು_ಲಿಂಕ್_ಆಟ್ರಿಬ್ಯೂಟ್ಸ್ ಫಿಲ್ಟರ್. ಎರಡರಲ್ಲೂ ಮೂರನೆಯ ಆರ್ಗ್ಯುಮೆಂಟ್‌ನಲ್ಲಿ ಥೀಮ್_ಲೊಕೇಶನ್ ನೋಡಿ, ಮುಖ್ಯ ಮೆನು ಆಗಿದ್ದರೆ ಮಾತ್ರ ಕ್ಲಾಸ್ ಸೇರಿಸಿ, ಇಲ್ಲದಿದ್ದರೆ ಫೂಟರ್ ಮೆನುವಿಗೂ ಅಂಟಿಕೊಳ್ಳುತ್ತದೆ. ಆಡ್_ಫಿಲ್ಟರ್‌ನ ಕೊನೆಯಲ್ಲಿ 10, 3 ಎಂದು ಬರೆಯಬೇಕು. ಬರೆಯದಿದ್ದರೆ ಒಂದೇ ಆರ್ಗ್ಯುಮೆಂಟ್ ಬರುತ್ತದೆ, ಫಂಕ್ಷನ್ ಮೂರು ಕೇಳುತ್ತದೆ, ಸೈಟ್ ಬೀಳುತ್ತದೆ. ಬೂಟ್‌ಸ್ಟ್ರ್ಯಾಪ್ 5ರಲ್ಲಿ ಆಕ್ಟಿವ್ ಕ್ಲಾಸ್ ಕೂರುವುದು ಎಲ್ಐಗಲ್ಲ, ಲಿಂಕ್‌ಗೆ. ಐಟಂನ ಕರೆಂಟ್ ನಿಜವಾಗಿದ್ದಾಗ ಅದನ್ನೂ ಅಲ್ಲೇ ಸೇರಿಸಿ. ಒಂದು ಪ್ರಾಜೆಕ್ಟ್‌ನ ಒಳಪುಟದಲ್ಲಿರುವಾಗ ಪ್ರಾಜೆಕ್ಟ್ಸ್ ಮೆನು ತಾನಾಗಿ ಆಕ್ಟಿವ್ ಆಗುವುದಿಲ್ಲ, ಈಸ್_ಸಿಂಗ್ಯುಲರ್ ನೋಡಿ ನೀವೇ ಹೇಳಬೇಕು. ಡ್ರಾಪ್‌ಡೌನ್ ಇಲ್ಲದಿರುವುದರಿಂದ ವಾಕರ್ (ಮೆನುವಿನ ಎಚ್‌ಟಿಎಂಎಲ್ ಅನ್ನೇ ಬದಲಿಸುವ ಪಿಎಚ್‌ಪಿ ಕೋಡ್) ಬರೆಯುವ ಗೋಜು ಬೇಡ.

ಫಾಲ್‌ಬ್ಯಾಕ್_ಸಿಬಿಗೂ ಫಾಲ್ಸ್ ಕೊಡಿ. ಇಲ್ಲದಿದ್ದರೆ ಆ ಜಾಗಕ್ಕೆ ಮೆನು ಆರಿಸದ ದಿನ ಸೈಟ್‌ನ ಪೇಜ್‌ಗಳೆಲ್ಲ ಸಾಲಾಗಿ ಹೆಡರ್‌ನಲ್ಲಿ ಬಂದು ನಿಲ್ಲುತ್ತವೆ.

ಗಾಢ ಹಿನ್ನೆಲೆ: ನಿಮ್ಮ ಸಿಎಸ್‌ಎಸ್‌ನಲ್ಲಿ ಹೋಮ್ ಎಂಬ ಕ್ಲಾಸ್ ಇದೆ, ಬಹುಶಃ ಮೇಲಿನ ಸೆಕ್ಷನ್‌ಗೆ. ಬಾಡಿ_ಕ್ಲಾಸ್ ಮುಖಪುಟದ ಬಾಡಿಗೂ ಹೋಮ್, ಪೇಜ್ ಎಂಬ ಕ್ಲಾಸ್‌ಗಳನ್ನು ಕೊಡುತ್ತದೆ. ಸೆಕ್ಷನ್‌ಗಾಗಿ ಬರೆದ ನಿಯಮ ಇಡೀ ಬಾಡಿಗೆ ತಗುಲಿದೆ. ಬ್ಲಾಗ್, ಸಿಂಗಲ್, ಆರ್ಕೈವ್, ಸರ್ಚ್, ಕ್ಯಾಟಗರಿ, ಟ್ಯಾಗ್, ಆಥರ್, ಡೇಟ್ ಇವೂ ಬಾಡಿಗೆ ಬರುವ ಕ್ಲಾಸ್‌ಗಳೇ. ಪೋಸ್ಟ್_ಕ್ಲಾಸ್ ಬಳಸಿದರೆ ಪೋಸ್ಟ್ ಎಂಬುದೂ ಬರುತ್ತದೆ, ಬ್ಲಾಗ್ ಪಟ್ಟಿಯ ಮೊದಲ ಪುಟದಲ್ಲಿ ಸ್ಟಿಕ್ಕಿ ಕೂಡ. ಈ ಸ್ಟಿಕ್ಕಿಯಂತೂ ಹೆಡರ್‌ಗೆಂದು ಅದೇ ಹೆಸರಿನ ಕ್ಲಾಸ್ ಬರೆದಿಟ್ಟವರಿಗೆ ಕಾದಿರುವ ಹಳ್ಳ: ಅಡ್ಮಿನ್ ಒಂದು ಪೋಸ್ಟನ್ನು ಮೇಲಕ್ಕೆ ಅಂಟಿಸಿದ ದಿನ ಆ ಪೋಸ್ಟ್ ನಿಜವಾಗಿಯೇ ಪರದೆಯ ನೆತ್ತಿಗೆ ಅಂಟುತ್ತದೆ. ಪರಿಹಾರ ಬಾಡಿ_ಕ್ಲಾಸ್ ತೆಗೆಯುವುದಲ್ಲ, ಪ್ಲಗಿನ್‌ಗಳಿಗೆ ಅದು ಬೇಕು. ನಿಮ್ಮ ಕ್ಲಾಸ್‌ಗಳಿಗೇ ಪೂರ್ವಪದ ಕೊಟ್ಟು ಹೆಸರು ಬದಲಿಸಿ.

ಪ್ರಾಜೆಕ್ಟ್ 404: ಈ 404 ಮಾತ್ರ ನಿಜವಾದ ಪರ್ಮಾಲಿಂಕ್ ಸಮಸ್ಯೆ. ಹೊಸ ಪೋಸ್ಟ್ ಟೈಪ್ ಬಂದ ಮೇಲೆ ರೀರೈಟ್ ನಿಯಮಗಳು (ಯಾವ ವಿಳಾಸಕ್ಕೆ ಯಾವ ಪುಟ ಎಂದು ಹೇಳುವಂಥವು) ಹೊಸದಾಗಿ ಬರೆಯಲ್ಪಡಬೇಕು. ಸೆಟ್ಟಿಂಗ್ಸ್‌ನ ಪರ್ಮಾಲಿಂಕ್ಸ್ ತೆರೆದು ಏನನ್ನೂ ಬದಲಿಸದೆ ಒಮ್ಮೆ ಸೇವ್ ಒತ್ತಿದರೆ ಸಾಕು. ಫ್ಲಶ್_ರೀರೈಟ್_ರೂಲ್ಸ್ ಅನ್ನು ಇನಿಟ್ ಹುಕ್‌ಗೆ ಹಾಕಿಬಿಡುವವರಿದ್ದಾರೆ, ಪ್ರತಿ ಪುಟ ತೆರೆದಾಗಲೂ ಅದು ಓಡಿ ಸೈಟ್ ನಿಧಾನವಾಗುತ್ತದೆ.

ರಿಜಿಸ್ಟರ್ ಮಾಡುವಾಗ ಹ್ಯಾಸ್_ಆರ್ಕೈವ್‌ಗೆ ಪ್ರಾಜೆಕ್ಟ್ಸ್ ಎಂಬ ಸ್ಲಗ್, ಶೋ_ಇನ್_ರೆಸ್ಟ್ ಟ್ರೂ (ಇಲ್ಲದಿದ್ದರೆ ಹಳೆಯ ಎಡಿಟರ್ ತೆರೆಯುತ್ತದೆ), ಸಪೋರ್ಟ್ಸ್‌ನಲ್ಲಿ ಟೈಟಲ್, ಎಡಿಟರ್, ಎಕ್ಸರ್ಪ್ಟ್, ಥಂಬ್‌ನೇಲ್. ಅಡ್ಮಿನ್‌ನಲ್ಲಿ ಪ್ರಾಜೆಕ್ಟ್ಸ್ ಎಂಬ ಖಾಲಿ ಪೇಜ್ ಮೊದಲೇ ಮಾಡಿಟ್ಟಿದ್ದರೆ ಅಳಿಸಿ. ಎರಡಕ್ಕೂ ಒಂದೇ ವಿಳಾಸ, ಗೆಲ್ಲುವುದು ಆರ್ಕೈವ್, ಪೇಜ್‌ನಲ್ಲಿ ಎಷ್ಟು ಬರೆದರೂ ಕಾಣುವುದಿಲ್ಲ.

ರಿಜಿಸ್ಟರ್ ಮಾಡುವ ಕೋಡ್ ಥೀಮ್‌ನಲ್ಲಿರುವುದು ನನಗೆ ಒಪ್ಪಿಗೆಯಿಲ್ಲ. ಥೀಮ್ ಬದಲಾದ ದಿನ 18 ಪ್ರಾಜೆಕ್ಟ್‌ಗಳೂ ಅಡ್ಮಿನ್‌ನಿಂದ ಮಾಯವಾಗುತ್ತವೆ. ಡೇಟಾಬೇಸ್‌ನಲ್ಲಿ ಇದ್ದೇ ಇರುತ್ತವೆ, ಆದರೆ ಸೈಟ್ ನೋಡಿಕೊಳ್ಳುವವರಿಗೆ ಅದು ಗೊತ್ತಾಗುವುದು ಹೇಗೆ? ಪ್ಲಗಿನ್ಸ್ ಫೋಲ್ಡರ್‌ನಲ್ಲಿ ಒಂದೇ ಫೈಲ್, ತಲೆಯಲ್ಲಿ ಪ್ಲಗಿನ್ ಹೆಸರಿನ ಕಾಮೆಂಟ್, ಕೆಳಗೆ ಅದೇ ಕೋಡ್. ಅಷ್ಟು ಸಾಕು.

ಮುಂದೆ ಬರುವ ಪ್ರಶ್ನೆಗೆ ಈಗಲೇ ಉತ್ತರ: ಆರ್ಕೈವ್‌ನಲ್ಲಿ 18ರ ಬದಲು 10 ಕಾರ್ಡ್ ಮಾತ್ರ ಕಾಣುತ್ತವೆ. ಒಂದು ಪುಟಕ್ಕೆ ಹತ್ತು ಎಂಬುದು ರೀಡಿಂಗ್ ಸೆಟ್ಟಿಂಗ್‌ನ ಮೂಲ ಬೆಲೆ. ಆರ್ಕೈವ್ ಫೈಲ್‌ನೊಳಗೆ ಹೊಸ ಡಬ್ಲ್ಯೂಪಿ_ಕ್ವೆರಿ (ಡೇಟಾಬೇಸ್‌ನಿಂದ ಬರಹಗಳನ್ನು ಹುಡುಕಿ ತರುವ ಕೋಡ್) ಬರೆಯಬೇಡಿ. ಮುಖ್ಯ ಕ್ವೆರಿ ತನ್ನ ಲೆಕ್ಕದಲ್ಲಿ ಪುಟಗಳನ್ನು ಎಣಿಸುತ್ತದೆ, ನಿಮ್ಮದು ಬೇರೆ ಲೆಕ್ಕದಲ್ಲಿ. ಎರಡೂ ಹೊಂದದೆ ಎರಡನೆಯ ಅಥವಾ ಮೂರನೆಯ ಪುಟ 404 ಆಗುತ್ತದೆ. ಪ್ರೀ_ಗೆಟ್_ಪೋಸ್ಟ್ಸ್ ಹುಕ್‌ನಲ್ಲಿ ಮೂರು ಷರತ್ತು ಹಾಕಿ: ಅಡ್ಮಿನ್ ಅಲ್ಲ, ಮುಖ್ಯ ಕ್ವೆರಿ ಹೌದು, ಪ್ರಾಜೆಕ್ಟ್ ಆರ್ಕೈವ್ ಹೌದು. ಆಗ ಪೋಸ್ಟ್ಸ್_ಪರ್_ಪೇಜ್ 18 ಮಾಡಿ. ಮುಖಪುಟದಲ್ಲಿ ಇತ್ತೀಚಿನ ಮೂರು ಪ್ರಾಜೆಕ್ಟ್ ತೋರಿಸುವಾಗ ಮಾತ್ರ ಹೊಸ ಕ್ವೆರಿ ಸರಿ, ಲೂಪ್ ಮುಗಿದ ಮೇಲೆ ಡಬ್ಲ್ಯೂಪಿ_ರೀಸೆಟ್_ಪೋಸ್ಟ್‌ಡೇಟಾ ಕಡ್ಡಾಯ. ಬಿಟ್ಟರೆ ಅದರ ಕೆಳಗೆ ಮುದ್ರಿಸುವ ಶೀರ್ಷಿಕೆ ಮುಖಪುಟದ್ದಾಗಿರದೆ ಮೂರನೆಯ ಪ್ರಾಜೆಕ್ಟ್‌ನದ್ದಾಗಿರುತ್ತದೆ.

ಕಾರ್ಡ್‌ನ ಎಚ್‌ಟಿಎಂಎಲ್ ಎರಡು ಕಡೆ ಬೇಕಾಗುವುದರಿಂದ ಟೆಂಪ್ಲೇಟ್-ಪಾರ್ಟ್ಸ್ ಫೋಲ್ಡರ್‌ನಲ್ಲಿ ಒಂದು ಫೈಲ್ ಮಾಡಿ ಗೆಟ್_ಟೆಂಪ್ಲೇಟ್_ಪಾರ್ಟ್‌ನಿಂದ ಕರೆಯಿರಿ. ಚಿತ್ರಕ್ಕೆ ಆಡ್_ಇಮೇಜ್_ಸೈಜ್, ಉದಾಹರಣೆಗೆ 600 × 400, ಕ್ರಾಪ್ ಟ್ರೂ. ಇದಕ್ಕೂ ಮೊದಲೇ ಅಪ್‌ಲೋಡ್ ಆದ ಚಿತ್ರಗಳಿಗೆ ಈ ಅಳತೆ ತಾನಾಗಿ ಬರುವುದಿಲ್ಲ, ಡಬ್ಲ್ಯೂಪಿ-ಸಿಎಲ್‌ಐ (ವರ್ಡ್‌ಪ್ರೆಸ್‌ನ ಕಮಾಂಡ್-ಲೈನ್ ಉಪಕರಣ) ಇದ್ದರೆ ಡಬ್ಲ್ಯೂಪಿ ಮೀಡಿಯಾ ರೀಜನರೇಟ್ ಓಡಿಸಿ. ಚಿತ್ರದ ಮೂಲವೇ 600ಕ್ಕಿಂತ ಕಿರಿದಾಗಿದ್ದರೆ ವರ್ಡ್‌ಪ್ರೆಸ್ ಹಿಗ್ಗಿಸುವುದಿಲ್ಲ, ಒಂದು ಕಾರ್ಡ್ ಗಿಡ್ಡ, ಪಕ್ಕದ್ದು ಉದ್ದ. ಸಿಎಸ್‌ಎಸ್‌ನಲ್ಲಿ ಆಸ್ಪೆಕ್ಟ್-ರೇಶಿಯೋ 3/2, ಆಬ್ಜೆಕ್ಟ್-ಫಿಟ್ ಕವರ್ ಇಟ್ಟರೆ ಅಡ್ಮಿನ್‌ನವರು ಏನು ಹಾಕಿದರೂ ಸಾಲು ಕೆಡುವುದಿಲ್ಲ.

—

ನೀಲಿಪರದೆ:

ಬ್ಲಾಕ್ ಥೀಮ್ ಪ್ರಶ್ನೆ ಹಾಗೆಯೇ ಉಳಿದಿದೆ. ಹಳೆಯ ಮಾದರಿ ತಪ್ಪಲ್ಲ. 2022ರ ಜನವರಿಯ 5.9ರಿಂದ ಬ್ಲಾಕ್ ಥೀಮ್‌ಗೆ ಪೂರ್ಣ ಬೆಂಬಲವಿದೆ, ಕ್ಲಾಸಿಕ್ ಥೀಮ್‌ಗಳೂ ನಡೆಯುತ್ತಲೇ ಇವೆ. ಬೂಟ್‌ಸ್ಟ್ರ್ಯಾಪ್ ಗ್ರಿಡ್‌ನಲ್ಲಿ ಕಟ್ಟಿದ, ಒಂದು ಗೆರೆ ಕೂಡ ಸರಿಯಬಾರದ ವಿನ್ಯಾಸಕ್ಕೆ ಕ್ಲಾಸಿಕ್ಕೇ ಸರಿ. ಬ್ಲಾಕ್‌ಗಳು ತಮ್ಮದೇ ಕ್ಲಾಸ್, ತಮ್ಮದೇ ಅಂತರಗಳೊಂದಿಗೆ ಬರುತ್ತವೆ, ಎರಡು ಗ್ರಿಡ್‌ಗಳ ನಡುವೆ ಸಿಕ್ಕಿಬೀಳುತ್ತೀರಿ. ಬ್ಲಾಕ್ ಥೀಮ್ ಮಾಡುವುದಾದರೆ ಬೂಟ್‌ಸ್ಟ್ರ್ಯಾಪ್ ಬಿಟ್ಟು ಬಣ್ಣ, ಅಂತರ, ಅಗಲಗಳನ್ನು ಥೀಮ್.ಜೇಸನ್‌ಗೆ ಒಯ್ಯಬೇಕು. ಆಗ ಅದು ಪರಿವರ್ತನೆಯಲ್ಲ, ಮರುನಿರ್ಮಾಣ.

ಮಾಡಹೊರಟವರು ಎರಡು ವಿಷಯ ತಿಳಿದಿರಲಿ. ಟೆಂಪ್ಲೇಟ್ಸ್ ಫೋಲ್ಡರ್‌ನ ಎಚ್‌ಟಿಎಂಎಲ್ ಫೈಲ್‌ಗಳಲ್ಲಿ ಪಿಎಚ್‌ಪಿ ಓಡುವುದಿಲ್ಲ. ಥೀಮ್‌ನ ಚಿತ್ರದ ಪಾತ್‌ನಂಥದ್ದು ಬೇಕಿದ್ದರೆ ಪ್ಯಾಟರ್ನ್ಸ್ ಫೋಲ್ಡರ್‌ನ ಪಿಎಚ್‌ಪಿ ಫೈಲ್‌ನಲ್ಲಿಡಬೇಕು. ಮತ್ತೆ, ಸೈಟ್ ಎಡಿಟರ್‌ನಲ್ಲಿ ಯಾರಾದರೂ ಟೆಂಪ್ಲೇಟನ್ನು ಒಮ್ಮೆ ಸೇವ್ ಮಾಡಿದರೆ ಅದರ ಪ್ರತಿ ಡೇಟಾಬೇಸ್‌ಗೆ ಹೋಗುತ್ತದೆ. ಆ ನಂತರ ನೀವು ಫೈಲ್ ತಿದ್ದಿದರೂ ಸೈಟ್‌ನಲ್ಲಿ ಕಾಣುವುದು ಡೇಟಾಬೇಸ್‌ನ ಪ್ರತಿಯೇ. ಎಡಿಟರ್‌ನಲ್ಲಿ ಆ ಟೆಂಪ್ಲೇಟನ್ನು ರೀಸೆಟ್ ಮಾಡುವವರೆಗೆ ಹಾಗೇ.

ಕ್ಲಾಸಿಕ್‌ನಲ್ಲೂ ಅಬೌಟ್, ಸರ್ವಿಸಸ್‌ನ ಬರಹ ಬ್ಲಾಕ್ ಎಡಿಟರ್‌ನಿಂದಲೇ ಬರುತ್ತದೆ. ಹಳೆಯ ಪುಟದ ಎಚ್‌ಟಿಎಂಎಲ್ ಪೂರ್ತಿ ಎತ್ತಿ ಕಸ್ಟಮ್ ಎಚ್‌ಟಿಎಂಎಲ್ ಬ್ಲಾಕ್‌ಗೆ ಸುರಿಯುವುದು ಸುಲಭ, ಆದರೆ ಕೋಡ್ ಬರದವರ ಕೈಯಲ್ಲಿ ಅದು ಒಂದೇ ತಿದ್ದುಪಡಿಗೆ ಒಡೆಯುತ್ತದೆ. ಹೊದಿಕೆಯ ಡಿವ್‌ಗಳನ್ನು ಪೇಜ್.ಪಿಎಚ್‌ಪಿಯಲ್ಲಿಟ್ಟು ಬರಹವನ್ನು ಮಾತ್ರ ಎಡಿಟರ್‌ಗೆ ಕೊಡಿ. ಅಲೈನ್‌ಲೆಫ್ಟ್, ಅಲೈನ್‌ರೈಟ್, ಅಲೈನ್‌ಸೆಂಟರ್ ಕ್ಲಾಸ್‌ಗಳಿಗೆ ಸಿಎಸ್‌ಎಸ್ ಬರೆಯಿರಿ, ಮೂಲ ವಿನ್ಯಾಸದಲ್ಲಿ ಇವು ಇರುವುದಿಲ್ಲ. ಟೇಬಲ್, ಪಟ್ಟಿ, ಉದ್ಧರಣೆ, ಎಚ್2ರಿಂದ ಎಚ್4ರವರೆಗಿನ ಶೀರ್ಷಿಕೆಗಳನ್ನೆಲ್ಲ ಒಂದೇ ಪರೀಕ್ಷಾ ಪೇಜ್‌ನಲ್ಲಿ ಹಾಕಿ ನೋಡಿ. ವಿನ್ಯಾಸ ಮಾಡಿದವರು ಉದ್ಧರಣೆಯ ನೋಟವನ್ನು ಯೋಚಿಸಿಯೇ ಇರುವುದಿಲ್ಲ.

—

ಅರ್ಧವಿರಾಮ:

ಲೈವ್ ಮಾಡುವ ಮುಂಚೆ ಕೆಲವು ಮಾತು.

ಸರ್ವರ್‌ನ ಬೇರಿನಲ್ಲಿ ಹಳೆಯ ಇಂಡೆಕ್ಸ್.ಎಚ್‌ಟಿಎಂಎಲ್ ಉಳಿದಿದ್ದರೆ ತೆಗೆಯಿರಿ. ಬಹಳಷ್ಟು ಅಪಾಚೆ ಸರ್ವರ್‌ಗಳಲ್ಲಿ ಅದಕ್ಕೆ ಇಂಡೆಕ್ಸ್.ಪಿಎಚ್‌ಪಿಗಿಂತ ಮೊದಲ ಸ್ಥಾನ, ಒಳಪುಟಗಳೆಲ್ಲ ಹೊಸವು, ಮುಖಪುಟ ಮಾತ್ರ ಹಳೆಯದು ಎಂಬ ವಿಚಿತ್ರ ಸೈಟ್ ಸಿಗುತ್ತದೆ.

ಹಳೆಯ ವಿಳಾಸಗಳು ಸರ್ಚ್‌ನಲ್ಲೂ ಬೇರೆಯವರ ಲಿಂಕ್‌ಗಳಲ್ಲೂ ಇರುತ್ತವೆ. ಅಬೌಟ್.ಎಚ್‌ಟಿಎಂಎಲ್‌ನಿಂದ ಹೊಸ ಅಬೌಟ್‌ಗೆ, ಹೀಗೆ ಒಂದೊಂದಕ್ಕೂ 301 ರೀಡೈರೆಕ್ಟ್ ಬರೆಯಿರಿ. ಎಚ್‌ಟಿಆಕ್ಸೆಸ್ ಫೈಲ್‌ನಲ್ಲಿ ಬರೆಯುವುದಾದರೆ ಬಿಗಿನ್ ವರ್ಡ್‌ಪ್ರೆಸ್ ಎಂಬ ಗುರುತಿನ ಮೇಲೆ. ಬಿಗಿನ್ ಮತ್ತು ಎಂಡ್ ನಡುವೆ ಬರೆದದ್ದನ್ನು ಮುಂದಿನ ಸಲ ಪರ್ಮಾಲಿಂಕ್ ಸೇವ್ ಮಾಡಿದಾಗ ವರ್ಡ್‌ಪ್ರೆಸ್ ಅಳಿಸಿ ತನ್ನದನ್ನು ಬರೆಯುತ್ತದೆ. ಎಂಜಿನ್‌ಎಕ್ಸ್ ಸರ್ವರ್ ಈ ಫೈಲನ್ನು ಓದುವುದೇ ಇಲ್ಲ, ಅಲ್ಲಿ ಸರ್ವರ್‌ನ ಕಾನ್ಫಿಗ್‌ನಲ್ಲೇ ಬರೆಯಬೇಕು.

ವಿಂಡೋಸ್ ಯಂತ್ರದಲ್ಲಿ ಕಟ್ಟಿದ್ದರೆ ಫೈಲ್ ಹೆಸರುಗಳ ದೊಡ್ಡಕ್ಷರ, ಸಣ್ಣಕ್ಷರ ನೋಡಿಕೊಳ್ಳಿ. ಅಲ್ಲಿ ಎರಡೂ ಒಂದೇ, ಲಿನಕ್ಸ್‌ನಲ್ಲಿ ಬೇರೆ ಬೇರೆ. ಚಿತ್ರಗಳಷ್ಟೇ ಅಲ್ಲ, ಟೆಂಪ್ಲೇಟ್ ಫೈಲ್‌ಗಳೂ: ಫ್ರಂಟ್-ಪೇಜ್‌ನ ಮೊದಲ ಅಕ್ಷರ ದೊಡ್ಡದಿದ್ದರೆ ಲೈವ್ ಸರ್ವರ್ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ.

ಡೊಮೇನ್ ಬದಲಿಸುವಾಗ ಡೇಟಾಬೇಸ್‌ನಲ್ಲಿ ನೇರವಾಗಿ ಹುಡುಕಿ ಬದಲಿಸಬೇಡಿ. ಕೆಲವು ಸೆಟ್ಟಿಂಗ್‌ಗಳು ಪಠ್ಯದ ಉದ್ದವನ್ನೂ ಜೊತೆಗೇ ಬರೆದುಕೊಂಡಿರುತ್ತವೆ, ಉದ್ದ ತಪ್ಪಿದರೆ ಅಷ್ಟೂ ಸೆಟ್ಟಿಂಗ್ ಓದಲಾಗದೆ ಹೋಗುತ್ತದೆ. ಡಬ್ಲ್ಯೂಪಿ-ಸಿಎಲ್‌ಐನ ಸರ್ಚ್-ರಿಪ್ಲೇಸ್ ಇದನ್ನು ಸರಿಯಾಗಿ ನಿಭಾಯಿಸುತ್ತದೆ, ಮೊದಲು ಡ್ರೈ-ರನ್ ಕೊಟ್ಟು ಎಷ್ಟು ಕಡೆ ಬದಲಾಗುತ್ತದೆ ಎಂದು ನೋಡಿ.

ಫಂಕ್ಷನ್ಸ್.ಪಿಎಚ್‌ಪಿಯನ್ನು ಅಡ್ಮಿನ್‌ನ ಎಡಿಟರ್‌ನಲ್ಲಿ ತಿದ್ದುವ ಅಭ್ಯಾಸ ಬೇಡ. ಕೊನೆಯಲ್ಲಿ ಪಿಎಚ್‌ಪಿ ಮುಚ್ಚುವ ಟ್ಯಾಗ್ ಬರೆಯಬೇಡಿ, ಫೈಲನ್ನು ಬಿಒಎಂ (ಫೈಲ್‌ನ ತಲೆಯಲ್ಲಿ ಕಣ್ಣಿಗೆ ಕಾಣದೆ ಕೂರುವ ಗುರುತು) ಇಲ್ಲದ ಯುಟಿಎಫ್-8ರಲ್ಲಿ ಸೇವ್ ಮಾಡಿ. ಹೆಡರ್ಸ್ ಆಗಲೇ ಹೋಗಿವೆ ಎಂಬ ಎರರ್‌ಗೆ ಈ ಎರಡೇ ಸಾಮಾನ್ಯ ಕಾರಣ. ಸೈಟ್ ಪೂರ್ತಿ ಬಿದ್ದು ಅಡ್ಮಿನ್ ಕೂಡ ತೆರೆಯದಿದ್ದರೆ ಎಫ್‌ಟಿಪಿಯಲ್ಲಿ ಥೀಮ್ ಫೋಲ್ಡರ್‌ನ ಹೆಸರು ಬದಲಿಸಿ, ಅಡ್ಮಿನ್ ತೆರೆದುಕೊಳ್ಳುತ್ತದೆ. ಕಾರಣ ತಿಳಿಯಲು ಡಬ್ಲ್ಯೂಪಿ_ಡೀಬಗ್ ಮತ್ತು ಡಬ್ಲ್ಯೂಪಿ_ಡೀಬಗ್_ಲಾಗ್ ಟ್ರೂ, ಡಬ್ಲ್ಯೂಪಿ_ಡೀಬಗ್_ಡಿಸ್‌ಪ್ಲೇ ಫಾಲ್ಸ್. ಡಬ್ಲ್ಯೂಪಿ-ಕಂಟೆಂಟ್ ಫೋಲ್ಡರ್‌ನ ಡೀಬಗ್.ಲಾಗ್‌ನಲ್ಲಿ ಫೈಲ್ ಹೆಸರು, ಸಾಲಿನ ಸಂಖ್ಯೆ ಎರಡೂ ಇರುತ್ತವೆ.

—

ಮಳೆಬಿಲ್ಲು:

ಸೇವ್ ಒತ್ತಿದ ಮೇಲೆ ಪ್ರಾಜೆಕ್ಟ್ ಪುಟ ಬಂತು, ಹೇಳಿದಂತೆ ಹತ್ತೇ ಕಾರ್ಡ್; ಪ್ರೀ_ಗೆಟ್_ಪೋಸ್ಟ್ಸ್ ಹಾಕಿದ ಮೇಲೆ 18. ಪೋಸ್ಟ್ ಟೈಪನ್ನು ಪ್ಲಗಿನ್‌ಗೆ ಒಯ್ದೆ. ಒಂದು ಉಳಿಯಿತು: ಪ್ಲಗಿನ್ ಫೈಲ್‌ಗೂ ಥೀಮ್‌ಗೂ ಒಂದೇ ಫಂಕ್ಷನ್ ಹೆಸರು ಇದ್ದರೆ?

—

ಬೆಳ್ಳಿಚುಕ್ಕಿ:

ಸೈಟ್ ಬೀಳುತ್ತದೆ. ಒಂದೇ ಹೆಸರಿನ ಫಂಕ್ಷನ್ ಎರಡು ಸಲ ಇದ್ದರೆ ಪಿಎಚ್‌ಪಿ ಫೇಟಲ್ ಎರರ್ ಕೊಡುತ್ತದೆ. ಪ್ಲಗಿನ್ ಮೊದಲು ಲೋಡ್ ಆಗುವುದರಿಂದ ಎರರ್ ತೋರಿಸುವುದು ಥೀಮ್‌ನ ಫೈಲನ್ನು, ಅಲ್ಲೇ ಹುಡುಕುತ್ತ ಕೂರಬೇಡಿ. ಥೀಮ್‌ನಲ್ಲಿರುವ ಹಳೆಯ ಪ್ರತಿ ಅಳಿಸಿ, ಪ್ಲಗಿನ್‌ನ ಫಂಕ್ಷನ್‌ಗಳಿಗೆ ಬೇರೆಯದೇ ಪೂರ್ವಪದ ಕೊಡಿ. ಡಬ್ಲ್ಯೂಪಿ ಎಂದು ಶುರುವಾಗುವ ಹೆಸರು ಬೇಡ, ಅದು ಕೋರ್‌ನದ್ದು.